ಕಾಳಷ್ಟು ವಾರೆ

ಒಂದಾನೊಂದು ಕಾಲದಲ್ಲಿ ಒಂದು ಮರದ ಪೆಟ್ಟಿಗೆ ಇತ್ತಂತೆ, ಹೂಂ, ಅದರ ಹೊಟ್ಟೆಯೊಳಗೆ ಒಂದು ಹಿತ್ತಾಳೆ ಜೀವ ಇತ್ತಂತೆ, ಹೂಂ, ಆ ಜೀವಕ್ಕೆ ನಡೆಯೋದೊಂದು ಬಿಟ್ಟರೆ ಬೇರೆ ಕಸುಬೇ ಗೊತ್ತಿರಲಿಲ್ಲವಂತೆ, ಎಲ್ಲಿಗೂ ಹೋಗದೆ ನಿಂತ ಜಾಗದಲ್ಲೇ ನಡೀತಾ ಇತ್ತಂತೆ, ಹೂಂ — ಹೀಗೆ ಹೂಂಗುಟ್ಟುತ್ತಿರುವುದು ಬಸ್ಸು, ಪಾವಗಡ ಬಿಟ್ಟ ಮೇಲೆ ಏರು ಸಿಕ್ಕಾಗಲೆಲ್ಲ ಇಂಜಿನ್ನು ಹೂಂ ಅನ್ನುತ್ತದೆ, ಇಳಿಜಾರಿನಲ್ಲಿ ಬಾಯಿ ಮುಚ್ಚಿಕೊಳ್ಳುತ್ತದೆ, ಹೂಂ ಅನ್ನೋರು ತೂಕಡಿಸಿದರೆ ಕಥೆ ಅಲ್ಲೇ ನಿಲ್ಲಬೇಕು ಅನ್ನುವುದು ಅಜ್ಜಿಯ ಕಾನೂನು, ಆದ್ದರಿಂದ ಮೌನಿಕಾ ಇಳಿಜಾರಿನಲ್ಲಿ ನಿಲ್ಲಿಸಿ ಏರಿನಲ್ಲಿ ಮುಂದುವರಿಸುತ್ತಾಳೆ, ತೊಡೆಯ ಮೇಲೆ ಹಳೇ ದುಪ್ಪಟಿಯಲ್ಲಿ ಸುತ್ತಿದ ಗಡಿಯಾರ, ಎರಡು ವರ್ಷದ ಕೂಸಿನಷ್ಟು ಭಾರ, ರಸ್ತೆಯಲ್ಲಿ ಗುಂಡಿ ಬಂದಾಗ ಎರಡೂ ಕೈ ತಾವಾಗಿಯೇ ಅದರ ಬೆನ್ನಿಗೆ ಹೋಗುತ್ತವೆ, ಕಂಡಕ್ಟರು ಟಿಕೆಟ್ಟು ಹರಿಯುತ್ತ ಕೇಳಿದ್ದ, ಏನಮ್ಮಾ ಅದು, ಪಸಿಪಾಪನಾ, ಮುಖ ಮುಚ್ಚಿಬುಟ್ಟಿದೀಯ, ಉಸಿರು ಕಟ್ಟಲ್ವಾ, ಗಡಿಯಾರ ಕಣಣ್ಣ ಅಂದಳು, ಗಡಿಯಾರ ಆದ್ರೆ ಸೀಟಿನ ಮೇಲೆ ಕೂರಿಸಬೇಡ, ಅರ್ಧ ಟಿಕೆಟ್ಟು ಆಯ್ತದೆ, ತೊಡೆ ಮೇಲಿದ್ರೆ ಫ್ರೀ ಅಂದ, ಹಿಂದಿನ ಸೀಟಿನ ಹೆಂಗಸರು ನಕ್ಕರು, ಅವಳೂ ನಕ್ಕಳು, ನಗುತ್ತಲೇ ಕಿಟಕಿಯಾಚೆ ಕಣ್ಣು ಹಾಯಿಸಿದರೆ ನೆತ್ತಿಯ ಮೇಲೆ ಸೂರ್ಯ, ಒಂದು ಗಂಟೆಯೂ ಆಗಿಲ್ಲ, ಅಯ್ಯೋ, ಹಗಲು ಹೊತ್ತಲ್ಲಿ ಕಥೆ ಹೇಳಿಕೊಳ್ತಾ ಇದೀನಲ್ಲ, ಹಗಲು ಕಥೆ ಹೇಳಿದರೆ ಸೋದರಮಾವ ದಾರಿ ತಪ್ಪುತ್ತಾನೆ, ಮೇನಮಾಮ ದಾರಿ ತಪ್ಪುತಾಡು ಅಂತ ತೆಲುಗಿನೋರೂ ಅದೇ ಮಾತು ಹೇಳುತ್ತಾರೆ, ಎರಡು ಭಾಷೆಯಲ್ಲಿ ಹೇಳಿದ ಮೇಲೆ ಸುಳ್ಳಿರುತ್ತದೆಯೇ, ಆದರೆ ಬಾಯಿ ಬಿಟ್ಟು ಹೇಳಿಲ್ಲ, ಮನಸ್ಸಿನೊಳಗಿನದು ಲೆಕ್ಕಕ್ಕಿಲ್ಲ, ಮನಸ್ಸಿಗೆ ಹಗಲೆಲ್ಲಿ ಇರುಳೆಲ್ಲಿ — ಆದರೂ ಬಸ್ಸು ಮುಂದಿನ ಏರಿಗೆ ಹೂಂ ಅಂದಾಗ ಅವಳು ಮುಂದುವರಿಸಲಿಲ್ಲ, ಓಬುಳೇಶ ಮಾವ ಈ ಹೊತ್ತಿಗೆ ಗೂಡ್ಸ್ ಆಟೋ ಓಡಿಸಿಕೊಂಡು ಎಲ್ಲಿದ್ದಾನೋ, ಬೆಳುಗುಪ್ಪದ ಕಡೆಗೋ ಬ್ರಹ್ಮಸಮುದ್ರದ ಕಡೆಗೋ, ಯಾಕೆ ಬೇಕು.

ಕಲ್ಯಾಣದುರ್ಗದ ಆ ಮನೆಯಲ್ಲಿ ಈ ಮಾತನ್ನು ಯಾರೂ ತಮಾಷೆಗೆ ಆಡಿದವರಲ್ಲ, ಅಮ್ಮ ಹಿಂದೂಪುರದಲ್ಲಿ ಗಾರ್ಮೆಂಟ್ಸಿಗೆ ಹೋಗುತ್ತಿದ್ದಳು, ಹತ್ತನೇ ಕ್ಲಾಸಿನ ತನಕ ಮೌನಿಕಾ ಬೆಳೆದದ್ದು ಅಮ್ಮನ ಅಮ್ಮನ ಹತ್ತಿರ, ಉಡುಸಲಮ್ಮನ ಹತ್ತಿರ, ಉಡುಸಲಮ್ಮನ ತೊಡೆಯ ಮೇಲೆ ಅಂದರೆ ಇನ್ನೂ ಸರಿ, ಸಂಜೆ ಆಯಿತೆಂದರೆ ತಲೆ ಆ ತೊಡೆಯ ಮೇಲೆ, ಕೆನ್ನೆಗೆ ಸೀರೆಯ ನೂಲು, ಕಡಲೇಕಾಯಿ ಸಿಪ್ಪೆಯ ವಾಸನೆ, ಎದುರು ಗೋಡೆಯ ಮೇಲೆ ಅಜ್ಜ ಯಾವ ಕಾಲದಲ್ಲೋ ತಂದು ತೂಗಹಾಕಿದ ಗಡಿಯಾರ, ನೆತ್ತಿಯ ಮೇಲೆ ಎರಡು ಗಿಣಿ, ಗಾಜಿನ ಹಿಂದೆ ಹೋಗಿ ಬರುವ ಹಿತ್ತಾಳೆ ಬಿಲ್ಲೆ, ಅಜ್ಜಿ ಕಥೆ ಹೇಳು, ತಾಳೇ, ಇನ್ನೂ ಹೊಡೀಲಿಲ್ಲ, ಹೊತ್ತು ಮುಳುಗೈತೆ ಅಜ್ಜಿ, ಮುಳುಗಿದ್ರೆ ಅದಕ್ಕೆ ಗೊತ್ತಾಯ್ತದೆ ಬಿಡು, ನಿಮ್ಮ ಮಾವ ರೋಡಿನಾಗವ್ನೆ, ಹೊಡೀಲಿ — ಆರು ಹೊಡೆದ ಮೇಲೆಯೇ ಕಥೆಯ ಬಾಗಿಲು ತೆರೆಯುವುದು, ಆರು ದಾಟಿದರೆ ರಾಜ್ಯ, ರಾಕ್ಷಸ, ಏಳು ಮಲ್ಲಿಗೆ ತೂಕದ ರಾಜಕುಮಾರಿ, ಆರಕ್ಕೆ ಮುಂಚೆ ಬರೀ ಕಸ, ಮುಸುರೆ, ಹೋಂವರ್ಕು, ಒಬ್ಬನೇ ಒಬ್ಬ ಮಾವ, ಅವನ ಕಾಲಡಿಯ ದಾರಿಯೆಲ್ಲ ಅಜ್ಜಿಯ ನಾಲಿಗೆಯಲ್ಲಿತ್ತು, ಅಷ್ಟು ದೊಡ್ಡ ಜವಾಬ್ದಾರಿಯನ್ನು ಆ ಗಡಿಯಾರ ಹೊತ್ತಿತ್ತು, ನಂತರ ಅಜ್ಜಿಯ ಕಣ್ಣು ಹೋಯಿತು, ಒಂದೇ ದಿನ ಅಲ್ಲ, ದೀಪದ ಎಣ್ಣೆ ತೀರಿದ ಹಾಗೆ, ಆಗಲೂ ಏನೂ ಕೆಡಲಿಲ್ಲ, ಗಡಿಯಾರ ಕಣ್ಣಿಗಲ್ಲವಲ್ಲ ಹೇಳುತ್ತಿದ್ದದ್ದು, ಕೆಟ್ಟದ್ದು ಹೋದ ಯುಗಾದಿಗೆ, ಸುಣ್ಣ ಬಳಿಯಲು ಪದ್ಮಲತಾ ಅತ್ತೆ ಗಡಿಯಾರವನ್ನು ಎತ್ತಿದಳು, ಎತ್ತಿದ್ದು ಕೈಗೆ ಬಂತು, ಉಳಿದದ್ದು ಗೋಡೆಯಲ್ಲಿ ಉಳಿಯಿತು, ಗೋಡೆಯೊಳಗಿಂದ ಬಂದ ಗೆದ್ದಲು ಬೆನ್ನಿನ ಹಲಗೆ ತಿಂದು, ಪಕ್ಕ ತಿಂದು, ಗಿಣಿ ತಿಂದು, ಮೇಲಿನ ಪಾಲೀಸಿನ ಪದರವನ್ನು ಮಾತ್ರ ಹಪ್ಪಳದ ಹಾಗೆ ನಿಲ್ಲಿಸಿತ್ತು, ಒಳಗಿನ ಹಿತ್ತಾಳೆ ಮಿಷನ್ನು ಮಣ್ಣಿನ ಗೂಡಿನಲ್ಲಿ ಕೂತಿತ್ತು, ಮಾವ ಸಂತೆಯಿಂದ ಪ್ಲಾಸ್ಟಿಕ್ ಗಡಿಯಾರ ತಂದು ಮೊಳೆಗೆ ಹಾಕಿದ, ಬ್ಯಾಟರಿಯದು, ಹೊಡೆಯುವುದಿಲ್ಲ, ಅಜ್ಜಿ ಕಿವಿಗೊಟ್ಟು ಕೇಳಿ, ಇದೇನೋ ಮೂಗಿ ತಂದ್ಬುಟ್ಟೆ ಅಂದಳು, ಅಷ್ಟೇ ಅಂದಳು.

ಆಮೇಲೆ ಆಷಾಢದ ಆ ದಿನ, ಮೌನಿಕಾ ನೋಡಿಲ್ಲ, ಆದರೆ ಎಷ್ಟು ಸಲ ಕೇಳಿದ್ದಾಳೆಂದರೆ ನೋಡಿದ್ದಕ್ಕಿಂತ ಚೆನ್ನಾಗಿ ಕಾಣುತ್ತದೆ, ಮೋಡ ಕವಿದು ತಣ್ಣಗೆ ಗಾಳಿ, ಕೋಳಿಗಳು ತಪ್ಪು ತಿಳಿದು ಗೂಡು ಸೇರಿದವು, ಕೋಳಿ ಗೂಡು ಸೇರಿದ ಸದ್ದು ಕೇಳಿ ಅಜ್ಜಿಯೂ ತಪ್ಪು ತಿಳಿದಳು, ಮಾವನ ಮಗಳು ಸರಿತಾ, ಏಳು ವರ್ಷದ ಚೂಟಿ, ಸ್ಕೂಲಿಗೆ ಜ್ವರದ ರಜೆ ಹಾಕಿ ಪಕ್ಕದಲ್ಲಿ ಮಲಗಿದ್ದವಳು, ಅಜ್ಜೀ ಹೊತ್ತು ಮುಳುಗ್ತು ಕಥೆ ಹೇಳು ಅಂದಳು, ಅವಳಿಗೆ ಗೊತ್ತಿತ್ತು ಮೂರು ಗಂಟೆ ಅಂತ, ಪ್ಲಾಸ್ಟಿಕ್ ಗಡಿಯಾರ ಎದುರಿಗೇ ಇತ್ತು, ಅಜ್ಜಿ ಹೇಳಿದಳು, ಒಂದು ಪೂರ್ತಿ ಕಥೆ, ಹಾಡು ಸಮೇತ, ಕಥೆ ಮುಗಿದು ಸ್ವಲ್ಪ ಹೊತ್ತಿಗೆ ಫೋನು ಬಂತು, ಹದಿನೈದು ವರ್ಷದಿಂದ ಓಡಾಡಿದ ಬ್ರಹ್ಮಸಮುದ್ರದ ದಾರಿಯಲ್ಲಿ ಮಾವ ತಿರುವು ತಪ್ಪಿ ಕೆರೆಯ ಏರಿ ಹತ್ತಿ, ಆಟೋ ಮಗುಚಿ, ಬಲಗೈ ಮುರಿದುಕೊಂಡಿದ್ದ, ಅನಂತಪುರದ ಆಸ್ಪತ್ರೆಯಿಂದ ಬ್ಯಾಂಡೇಜಿನ ಕೈ ಹೊತ್ತು ಬಂದವನು ಅಮ್ಮನ ಮುಂದೆ ಕೂತು ಹೇಳಿದ, ಅಮ್ಮಾ ನಾನು ಫೋನು ನೋಡ್ಕೊಂಡು ಓಡಿಸ್ತಿದ್ದೆ ಕಣಮ್ಮ, ತಪ್ಪು ನಂದು, ನಿನ್ನ ಕಥೆದಲ್ಲ, ಅಜ್ಜಿ ಆ ಬ್ಯಾಂಡೇಜನ್ನು ಮುಟ್ಟಿ ಮುಟ್ಟಿ, ನನ್ನ ಸಮಾಧಾನಕ್ಕೆ ಹೇಳ್ತೀಯ ಕಣ್ಲಾ, ನಂಗೆ ಗೊತ್ತಾಗಲ್ವಾ, ಹದಿನೈದು ವರ್ಷ ತಪ್ಪದ ದಾರಿ ಅವತ್ತೇ ಯಾಕೆ ತಪ್ತು, ಅದೇ ಗಳಿಗೇಲಿ ಯಾಕೆ ತಪ್ತು, ಸರಿತಾಗೆ ನೀನು ಅಪ್ಪ ಆದ್ರೇನು, ಈ ಮನೆ ಕಥೆಗೆಲ್ಲ ನೀನೇ ಮಾವ — ಅವತ್ತಿನಿಂದ ಅಜ್ಜಿ ಕಥೆ ಹೇಳುವುದನ್ನು ಬಿಟ್ಟಳು, ಉಳಿದ ಮಾತೆಲ್ಲ ಆಡುತ್ತಾಳೆ, ಸಾರಿಗೆ ಉಪ್ಪು ಕಮ್ಮಿ ಅನ್ನುತ್ತಾಳೆ, ಪಕ್ಕದ ಮನೆ ಸುವರ್ಣಮ್ಮನ ಜೊತೆ ಜಗಳ ಆಡುತ್ತಾಳೆ, ಕಥೆ ಮಾತ್ರ ಇಲ್ಲ, ಕತ್ತಲಾದರೂ ಇಲ್ಲ, ಕತ್ತಲಾಯ್ತು ಅಂತ ನೀವು ಹೇಳ್ತೀರ, ನಂಗೇನು ಗೊತ್ತು, ಮೊಮ್ಮಗಳೇ ಸುಳ್ಳು ಹೇಳಿದ ಮೇಲೆ ಯಾರನ್ನ ನಂಬೋದು — ಸರಿತಾ ಆ ಮಾತಿಗೆ ಎರಡು ದಿನ ಅತ್ತಿದ್ದಳಂತೆ, ಶ್ರಾವಣದಲ್ಲಿ ಮೌನಿಕಾ ಹೋದಾಗ ಮನೆಯಲ್ಲಿ ಸಂಜೆ ಆರರಿಂದ ಎಂಟರ ತನಕ ಯಾರಿಗೂ ಏನು ಮಾಡಬೇಕು ಅಂತ ತೋಚುತ್ತಿರಲಿಲ್ಲ, ಟೀವಿ ಹಾಕಿಕೊಂಡು ಯಾರೂ ನೋಡುತ್ತಿರಲಿಲ್ಲ, ಅವಳು ಅಜ್ಜಿಯ ಕೈ ಹಿಡಿದು ಅಂದಳು, ಅದೇ ಗಡಿಯಾರ ಮಾಡ್ಕೊಂಡು ಬತ್ತೀನಿ, ಗೆದ್ದಲು ಬಿಟ್ಟಿರೋ ಮಿಷನ್ನು ಕೊಡು, ಕಾರ್ತಿಕ ಮುಗಿಯೋದ್ರೊಳಗೆ ಗೋಡೆ ಮೇಲಿರ್ತದೆ, ಅಜ್ಜಿ, ನಾಲಿಗೆ ಕೊಟ್ಟಿದೀಯ, ನೆಪ್ಪಿರಲಿ ಅಂದಳು, ಕಾರ್ತಿಕ ಮುಗಿಯಲು ಇನ್ನು ನಾಲ್ಕು ದಿನ, ಗಡಿಯಾರ ತೊಡೆಯ ಮೇಲಿದೆ, ಕಂಬದೂರು ಕಂಬದೂರು ಅಂತ ಕಂಡಕ್ಟರು ಕೂಗುತ್ತಿದ್ದಾನೆ, ಅವಳಿಗೆ ಚೂರೂ ಭಯ ಇಲ್ಲ.

ಭಯ ಯಾಕೆ ಇರಬೇಕು, ಈ ಕೈ ಎಂಟು ವರ್ಷದಿಂದ ಇದನ್ನೇ ಮಾಡುತ್ತಿದೆ, ಹಿಂದೂಪುರದಲ್ಲಿ ಎರ್ರಪ್ಪ ಮೇಸ್ತ್ರಿಯ ಶೆಡ್ಡಿಗೆ ಮೊದಲು ಸೇರಿದಾಗ ಕೆಲಸ ಡಬ್ಬಿಗಳ ಒಳಗೆ ಮಕಮಲ್ ಬಟ್ಟೆ ಅಂಟಿಸುವುದು, ಚಿಕ್ಕ ಚಿಕ್ಕ ಡಬ್ಬಿ, ಕುಂಕುಮದ್ದು, ಒಡವೆಯದ್ದು, ಎಲೆ ಅಡಿಕೆಯದ್ದು, ಎಲ್ಲ ಹಳೇ ಕಾಲದ ಮಾದರಿ, ಪೇಟೆಯ ಹೋಟೆಲುಗಳಿಗೆ, ಮದುವೆಯಲ್ಲಿ ಕೊಡುವ ಉಡುಗೊರೆಗೆ, ಒಂದು ದಿನ ಅಂಟು ಒಣಗಲಿ ಅಂತ ಕಾಯುತ್ತ ಉಳಿ ಎತ್ತಿಕೊಂಡಳು, ಮುಚ್ಚಳವೊಂದನ್ನು ಕೂರಿಸಿದಳು, ಮುಚ್ಚುವಾಗ ಅದು ಹ್ಹ ಅಂತ ಉಸಿರು ಬಿಟ್ಟಿತು, ಒಳಗಿನ ಗಾಳಿ ಸಂದಿಯಲ್ಲಿ ನಿಧಾನಕ್ಕೆ ಹೊರಗೆ ಬಂದ ಸದ್ದು, ಎರ್ರಪ್ಪ ಬೀಡಿ ಕೆಳಗಿಟ್ಟು ಬಂದು, ಇದನ್ನ ಯಾರು ಮಾಡಿದ್ದು, ನೀನಾ, ಇನ್ನೊಂದು ಸಲ ಮುಚ್ಚು, ಹ್ಹ, ಇನ್ನೊಂದು ಸಲ, ಹ್ಹ, ನಾಳೆಯಿಂದ ಮಕಮಲ್ ಬೇರೆಯೋರು ಅಂಟಿಸ್ಲಿ ಅಂದ, ಆಮೇಲೆ ಗಡಿಯಾರದ ಪೆಟ್ಟಿಗೆಗಳು, ಹೊಸ ಮರವನ್ನು ಹಳೇದು ಮಾಡುವ ವಿದ್ಯೆ, ತುಕ್ಕು ಹಿಡಿದ ಮೊಳೆಗಳನ್ನು ಹುಳಿಯಲ್ಲಿ ನೆನೆಸಿದ ನೀರು ಬಳಿದರೆ ಮರಕ್ಕೆ ಒಂದೇ ಗಂಟೆಯಲ್ಲಿ ನೂರು ವರ್ಷ, ಸರಪಳಿಯಿಂದ ಮೆಲ್ಲಗೆ ಹೊಡೆದರೆ ಯಾರೋ ಬಳಸಿ ಬಾಳಿಸಿದ ಗುರುತು, ಮೇಲೆ ಅರಗಿನ ಪಾಲೀಸು, ಒಳಗೆ ಮಾತ್ರ ಬ್ಯಾಟರಿ, ನಮ್ಮದೆಲ್ಲ ವೇಷ ಕಣಮ್ಮಾಯಿ, ಒಳ್ಳೇ ವೇಷ, ಅಂತ ಎರ್ರಪ್ಪ ಹೆಮ್ಮೆಯಿಂದಲೇ ಹೇಳುತ್ತಾನೆ, ಅಜ್ಜಿಯ ಮಿಷನ್ನು ಬಿಚ್ಚಿ ತೋರಿಸಿದಾಗ ಅವನು ಮುಖ ಕಿವುಚಿದ, ಒಳಗೆ ಜೀವ ಇರೋ ಪೆಟ್ಟಿಗೆ ನಿಂಗ್ಯಾಕೆ, ಅದರ ಕಷ್ಟ ನಿಂಗೆ ಗೊತ್ತಿಲ್ಲ, ವೇಷಕ್ಕೆ ಅಳತೆ ಸಾಕು, ಜೀವಕ್ಕೆ ಬೇರೆ ಏನೋ ಬೇಕು, ಏನು ಬೇಕು ಮೇಸ್ತ್ರೀ, ನಂಗೇನು ಗೊತ್ತು, ನಾನು ವೇಷದೋನು, ಅವಳು ಕೇಳಲಿಲ್ಲ, ಭಾನುವಾರಗಳನ್ನೆಲ್ಲ ಇದಕ್ಕೇ ಇಟ್ಟಳು, ಕೆಡವಿದ ಮನೆಯ ಬೇವಿನ ತೊಲೆ ತಂದಳು, ಹೊಗೆ ಕುಡಿದು ಒಣಗಿದ ಮರ, ಕಹಿ, ಗೆದ್ದಲು ಬಾಯಿಟ್ಟರೆ ಅದಕ್ಕೇ ವಾಂತಿ, ಅಳತೆ ಎಲ್ಲಿಂದ ತರುವುದು, ಉಳಿದದ್ದು ಒಂದೇ ಫೋಟೋ, ಓಬುಳೇಶ ಮಾವನ ಮದುವೆಯದು, ಮಾವ ಅತ್ತೆ ಹಾರ ಹಾಕಿಕೊಂಡು ಪಡಸಾಲೆಯಲ್ಲಿ ನಿಂತಿದ್ದಾರೆ, ಅವರ ತಲೆಯ ಮೇಲೆ ಗಡಿಯಾರ, ಫೋಟೋದವನ ಕೈ ಚೂರು ವಾಲಿದೆ, ಗಡಿಯಾರ ಬಲಕ್ಕೆ ವಾರೆಯಾಗಿ ಬಿದ್ದಿದೆ, ಅವಳು ಕಾಗದದ ಮೇಲೆ ಅದನ್ನು ನೆಟ್ಟಗೆ ಮಾಡಿಕೊಂಡಳು, ಗಿಣಿ ಹೇಗಿತ್ತು ಬಣ್ಣ ಹೇಗಿತ್ತು ಅಂತ ಫೋನಿನಲ್ಲಿ ಅಜ್ಜಿಯನ್ನು ಕೇಳಿದಳು, ಉಳಿದದ್ದನ್ನು ಬೆರಳು ನೆನಪಿಟ್ಟಿತ್ತು, ಬಾಗಿಲು ತೆಗೆಯುವಾಗ ಹೆಬ್ಬೆರಳು ಕೂರುವ ಜಾಗ ಸವೆದು ಹಳ್ಳವಾಗಿತ್ತು, ಅದನ್ನು ಮರಳುಕಾಗದದಿಂದ ಉಜ್ಜಿ ಉಜ್ಜಿ ಹಳ್ಳ ಮಾಡಿದಳು, ಬಣ್ಣಕ್ಕೆ ತುಕ್ಕಿನ ನೀರು ಬಳಿಯಲಿಲ್ಲ, ಸರಪಳಿ ಮುಟ್ಟಲಿಲ್ಲ, ಅಜ್ಜಿಗೆ ಕಣ್ಣಿಲ್ಲ, ಬೆರಳಿದೆ, ಬೆರಳಿಗೆ ಹಳೇದಾದರೆ ಸಾಕು, ನಾಲ್ಕೂ ಮೂಲೆಗೆ ಮೂಲೆಮಟ್ಟ ಇಟ್ಟು ನೋಡಿದಳು, ಬೆಳಕು ತೂರದಷ್ಟು ನೇರ, ಎರ್ರಪ್ಪನೂ ಇಟ್ಟು ನೋಡಿದ, ಬೀಡಿ ಹಚ್ಚಿದ, ಅದು ಅವನ ಹೊಗಳಿಕೆ.

ಒಂದು ಮಾತನ್ನು ಮಾತ್ರ ಅವನು ಬೈದೇ ಹೇಳಿದ್ದ, ಪೆಟ್ಟಿಗೆಯಲ್ಲಿ ಕೂರಿಸಿದ ಮೇಲೆ ಓಡಿಸಿ ನೋಡಲ್ವಾ, ಪಿಚ್ಚಿದಾನಾ, ತಲೆ ಕೆಟ್ಟಿದೆಯಾ, ಅಷ್ಟು ದೂರ ಹೊತ್ಕೊಂಡು ಹೋಗ್ತೀಯ, ಅವಳು ನೋಡಲಿಲ್ಲ, ಗಡಿಯಾರ ರಿಪೇರಿ ದಾಸಣ್ಣ ಮಿಷನ್ನಿನ ಮಣ್ಣು ತೊಳೆದು ಎಣ್ಣೆ ಬಿಟ್ಟು ತನ್ನ ಸ್ಟ್ಯಾಂಡಿನಲ್ಲಿ ಓಡಿಸಿ ತೋರಿಸಿದ್ದ, ಅದೂ ಅವಳು ಕಿವಿ ಮುಚ್ಚಿಕೊಂಡು ನೋಡಿದ್ದು, ದಾಸಣ್ಣ ಗಲಗಲ ನಕ್ಕಿದ್ದ, ಅವಳ ತಲೆಯಲ್ಲಿ ಒಂದು ಹಟ ಕೂತಿತ್ತು, ಹೊಸ ಪೆಟ್ಟಿಗೆಯೊಳಗಿನ ಮೊದಲ ಟಿಕ್ಕು ಅಜ್ಜಿಯ ಕಿವಿಗೇ ಬೀಳಬೇಕು, ಬೇರೆ ಯಾರೂ ಎಂಜಲು ಮಾಡಬಾರದು, ಕಥೆಯಲ್ಲಿ ಮೊದಲ ಹಣ್ಣು ಯಾವಾಗಲೂ ಅವ್ವನಿಗೇ ತಾನೇ, ಸರಿ, ಮುಳ್ಳು ಐದರ ಮೇಲೆ ನಿಲ್ಲಿಸಿದೀನಿ, ಐದು ಆಗ್ಲೇ ಹೊಡೆದಾಗಿದೆ, ಯಾವತ್ತಾದ್ರೂ ಐದು ದಾಟಿದ ಮೇಲೆ ಮುಂದಕ್ಕೆ ತಿರುಗಿಸಿ ಟೈಮಿಗಿಟ್ಟು ಓಡಿಸು, ಹಿಂದಕ್ಕೆ ಮಾತ್ರ ತಿರುಗಿಸಬೇಡ ಅಂತ ದಾಸಣ್ಣ ಹೇಳಿ ಕಳಿಸಿದ್ದ — ಕಲ್ಯಾಣದುರ್ಗದ ಬಸ್‌ಸ್ಟ್ಯಾಂಡು, ಆಟೋ, ಓಣಿ, ಮನೆ, ಮಾವ ಆಗಲೇ ಬಂದು ಜಗುಲಿಯಲ್ಲಿ ಚಹಾ ಕುಡಿಯುತ್ತಿದ್ದ, ಬಂದ್ಬುಟ್ಳು ನೋಡಪ್ಪ ಗಡಿಯಾರದಮ್ಮ ಅಂದ, ಕೈ ಪರವಾಗಿಲ್ವಾ ಮಾವ, ಸ್ಟೇರಿಂಗು ಹಿಡಿಯೋಕೆ ಆಯ್ತದೆ, ನಿಮ್ಮತ್ತೆ ಕೆನ್ನೆಗೆ ಬಿಡೋಕಾಗಲ್ಲ, ಬಾಗಿಲ ಹಿಂದಿನಿಂದ ಪದ್ಮಲತಾ ಅತ್ತೆ, ಮೊದ್ಲು ಯಾವಾಗ ಆಗ್ತಿತ್ತು ಕೇಳು ಅಂದಳು, ಸರಿತಾ ದುಪ್ಪಟಿ ಬಿಚ್ಚುವಷ್ಟರಲ್ಲಿ ಒಳಗೆ ಮಂಚದ ಮೇಲೆ ಅಜ್ಜಿ ಎದ್ದು ಕೂತಿದ್ದಳು, ಬೆರಳು ಪೆಟ್ಟಿಗೆಯ ಮೇಲೆ ಓಡಾಡಿದವು, ಪಕ್ಕ, ಮೂಲೆ, ಹೆಬ್ಬೆರಳಿನ ಹಳ್ಳದಲ್ಲಿ ಸ್ವಲ್ಪ ತಡೆದವು, ಮೇಲೆ ಹತ್ತಿ ಗಿಣಿಗಳನ್ನು ಹುಡುಕಿದವು, ಈ ಗಿಣಿಗೆ ಕೊಕ್ಕು ಐತಲ್ಲೇ, ಹಳೇದಕ್ಕೆ ಮುರಿದಿತ್ತು, ನಾನೇ ಮುರಿದಿದ್ದು ಅಜ್ಜಿ, ಸೌಟಲ್ಲಿ ಹೊಡೆದು, ಈಗ ಕಟ್ಟಿಕೊಟ್ಟಿದೀನಿ, ಮುರಿದೋಳೇ ಕಟ್ಟಿಕೊಡಬೇಕು ಬಿಡು ಅಂದಳು ಅಜ್ಜಿ, ನಗಲಿಲ್ಲ, ಇನ್ನೂ ನಗುವ ಹೊತ್ತು ಅಲ್ಲ ಅನ್ನುವ ಹಾಗೆ ಕೈ ಹಿಂದಕ್ಕೆ ತೆಗೆದುಕೊಂಡಳು.

ಐದು ಕಳೆದು ಹತ್ತು ನಿಮಿಷ, ಮೌನಿಕಾ ಸ್ಟೂಲಿನ ಮೇಲೆ, ಹಳೇ ಮೊಳೆಯ ಜಾಗದಲ್ಲಿ ಹೊಸ ಮೊಳೆ, ಪೆಟ್ಟಿಗೆ ತೂಗಿತು, ಅವಳು ಚೀಲದಿಂದ ರಸಮಟ್ಟ ತೆಗೆದು ಪೆಟ್ಟಿಗೆಯ ತಲೆಯ ಮೇಲಿಟ್ಟಳು, ಗಾಜಿನೊಳಗಿನ ಗುಳ್ಳೆ ಹೋಗಿ ಎರಡು ಗೆರೆಯ ನಡುವೆ ನಿಂತಿತು, ಕೂದಲೆಳೆಯಷ್ಟೂ ಆಚೀಚೆ ಇಲ್ಲ, ಎಂಥಾ ಚೆಲುವು, ಸುಣ್ಣದ ಗೋಡೆಯ ಮೇಲೆ ಬೇವಿನ ಬಣ್ಣ, ಎಷ್ಟು ನೇರ, ಕೀ ಕೊಟ್ಟಳು, ಹನ್ನೆರಡು ಸುತ್ತು, ಸ್ಪ್ರಿಂಗು ಬಿಗಿಯಾಯಿತು, ಮುಳ್ಳನ್ನು ಮೆಲ್ಲಗೆ ಐದೂ ಹತ್ತಕ್ಕೆ ತಂದಳು, ಹಿತ್ತಾಳೆ ಬಿಲ್ಲೆಯನ್ನು ಒಂದು ಪಕ್ಕಕ್ಕೆ ಎಳೆದು ಬಿಟ್ಟಳು, ಟಿಕ್, ಟಕ್, ಟಿಕ್, ಟಕ್, ಸರಿತಾ ಚಪ್ಪಾಳೆ ತಟ್ಟಿದಳು, ಮಂಚದ ಮೇಲೆ ಅಜ್ಜಿಯ ಹೆಬ್ಬೆರಳು ಬೆರಳ ಗೆರೆಗಳ ಮೇಲೆ ಸರಿಯತೊಡಗಿತು, ಟಿಕ್ಕಿಗೊಂದು ಗೆರೆ, ಟಕ್ಕಿಗೊಂದು ಗೆರೆ, ಟಿಕ್ — ಟಕ್, ಟಿಕ್ — ಟಕ್, ಆಮೇಲೆ ಆ ಹೆಬ್ಬೆರಳು ನಿಂತಿತು, ಮೌನಿಕಾ ಅದನ್ನು ನೋಡುತ್ತಿದ್ದಾಳೆ, ಯಾಕೆ ನಿಂತಿತು, ಗಡಿಯಾರ ಇನ್ನೂ ಓಡುತ್ತಿದೆಯಲ್ಲ, ಅಷ್ಟರಲ್ಲಿ ಗಡಿಯಾರವೂ ನಿಂತಿತು, ಬಿಲ್ಲೆ ಸುಮ್ಮನೆ ತೂಗಾಡಿತು, ಸದ್ದಿಲ್ಲ, ಇನ್ನೊಮ್ಮೆ ಎಳೆದು ಬಿಟ್ಟಳು, ಒಂದು ನಿಮಿಷ, ನಿಂತಿತು, ಮಾವ, ಪ್ರಯಾಣದ ಸುಸ್ತು ಇರ್ತದೆ, ಒಂದು ಲೋಟ ಚಹಾ ಕೊಟ್ನೋಡು ಅಂದ, ಅತ್ತೆ, ಸುಮ್ನಿರಿ ಅಂದಳು, ಮೂರನೇ ಸಲ ಬಿಟ್ಟಳು, ನಾಲ್ಕನೇ ಸಲ, ಬೆನ್ನಿನ ಹಲಗೆಗೆ ತಾಗುತ್ತಿದೆಯೇ, ಇಲ್ಲ, ಸ್ಕ್ರೂ ಸಡಿಲವೇ, ಇಲ್ಲ, ರಸಮಟ್ಟ ಮತ್ತೆ ಇಟ್ಟಳು, ಗುಳ್ಳೆ ಅಲ್ಲೇ ಇದೆ, ನಡುವೆ, ಅಚ್ಚುಕಟ್ಟು, ಓಡಿಸಿ ನೋಡದೆ ಒಯ್ಯೋರುಂಟಾ ಅಂತ ಎರ್ರಪ್ಪನ ಬೀಡಿಯ ಹೊಗೆ ಇಲ್ಲಿಯ ತನಕ ಬಂದ ಹಾಗೆ, ವೇಷಕ್ಕೆ ಅಳತೆ ಸಾಕು, ಜೀವಕ್ಕೆ ಬೇರೆ ಏನೋ — ಐದೂವರೆ ಆಗುತ್ತಿದೆ, ಆರಕ್ಕೆ ಅರ್ಧ ಗಂಟೆ, ಇವತ್ತಾಗದಿದ್ದರೆ ನಾಳೆ ಅನ್ನಬಹುದು, ಕಾರ್ತಿಕ ಇನ್ನೂ ನಾಲ್ಕು ದಿನ ಇದೆ ಅನ್ನಬಹುದು, ಆದರೆ ಮಂಚದ ಮೇಲೆ ಆ ಮುಖ ಆಗಲೇ ಗೋಡೆಯ ಕಡೆ ತಿರುಗುತ್ತಿದೆ, ಇದೂ ನಂಬೋದಲ್ಲ ಅಂತ ಒಮ್ಮೆ ತೀರ್ಮಾನಿಸಿದರೆ ಈ ಹೆಂಗಸನ್ನು ಯಾವ ನಾಳೆಯೂ ತಿರುಗಿಸುವುದಿಲ್ಲ, ಇಲ್ಲ, ಇವತ್ತೇ, ಈ ಕೈ ಮಾಡಿದ ಪೆಟ್ಟಿಗೆಯಲ್ಲಿ ತಪ್ಪಿಲ್ಲ, ಮಿಷನ್ನಿನಲ್ಲಿ ತಪ್ಪಿಲ್ಲ, ಎರಡೂ ಸರಿ ಇದ್ದು ಎರಡೂ ಸೇರಿ ನಡೆಯುತ್ತಿಲ್ಲ, ಹಾಗಾದರೆ ಕೇಳಬೇಕು, ನೋಡಿದ್ದು ಸಾಕು, ಕೇಳಬೇಕು, ಅಜ್ಜೀ, ಅಂದಳು ಸ್ಟೂಲಿನ ಮೇಲಿಂದ, ಏನು ಕೇಳಿಸ್ತಿದೆ ನಿಂಗೆ.

ಕುಂಟ್ತದೆ ಅಂದಳು ಅಜ್ಜಿ, ಗೋಡೆಗೇ ಹೇಳಿದ ಹಾಗೆ, ಹೆಂಗೆ ಕುಂಟ್ತದೆ, ಒಂದು ಹೆಜ್ಜೆ ಗಿಡ್ಡ ಒಂದು ಹೆಜ್ಜೆ ಉದ್ದ, ಕಾಲಿಗೆ ಮುಳ್ಳು ಹೊಕ್ಕೋನ ನಡಿಗೆ, ನೀನು ಅದನ್ನ ನೆಟ್ಟಗೆ ತೂಗಾಕಿದೀಯ ಅಲ್ವಾ, ಹೂಂ ಅಜ್ಜಿ, ರಸಮಟ್ಟ ಇಟ್ಟು, ನೆಟ್ಟಗೆ ಯಾರು ಹಾಕು ಅಂದ್ರು, ನಿಮ್ಮಜ್ಜನೂ ಹಿಂಗೇ ನೆಟ್ಟಗೆ ಹಾಕಿ, ನಿಂತೋಯ್ತು ಅಂತ ಅದನ್ನ ಬೈದೂ ಬೈದೂ, ಕೊನೆಗೆ ನಾನೇ ಕೋಲಿನಿಂದ ತಳ ತಳ್ಳಿ ವಾರೆ ಮಾಡಿದ್ದು, ಅವತ್ತಿಂದ ಅದು ವಾರೆಗೇ ನಡೆದಿದ್ದು, ಗೆದ್ದಲು ತಿನ್ನೋ ತನ್ಕ, ನೀನು ಗಿಣಿ ಹೆಂಗಿತ್ತು ಕೇಳಿದೆ, ಬಣ್ಣ ಹೆಂಗಿತ್ತು ಕೇಳಿದೆ, ಹೆಂಗೆ ನಿಂತಿತ್ತು ಅಂತ ಕೇಳಿದ್ಯಾ — ಮೌನಿಕಾಳ ಕೈಯಲ್ಲಿ ರಸಮಟ್ಟ, ಮದುವೆಯ ಫೋಟೋ ಕಣ್ಣ ಮುಂದೆ, ಮಾವ ನೆಟ್ಟಗಿದ್ದಾನೆ, ಅತ್ತೆ ನೆಟ್ಟಗಿದ್ದಾಳೆ, ಬಾಗಿಲ ಚೌಕಟ್ಟು ನೆಟ್ಟಗಿದೆ, ಗಡಿಯಾರ ಒಂದೇ ವಾರೆ, ಫೋಟೋದವನ ಕೈ ವಾಲಿದ್ದರೆ ಎಲ್ಲರೂ ವಾಲಬೇಕಿತ್ತಲ್ಲ, ಹತ್ತು ವರ್ಷ ಅದರ ಎದುರಿಗೇ ಬೆಳೆದವಳಿಗೆ ಯಾಕೆ ಕಾಣಲಿಲ್ಲ, ಕಾಣುವುದು ಹೇಗೆ, ಅವಳು ಅದನ್ನು ನೋಡಿದ್ದೆಲ್ಲ ಮಲಗಿಕೊಂಡು, ಆ ತೊಡೆಯ ಮೇಲಿಂದ, ಅಲ್ಲಿಂದ ನೋಡಿದರೆ ಲೋಕವೇ ವಾರೆ, ಅವಳಿಗೆ ಫಕ್ಕನೆ ನಗು ಬಂತು, ನಾಚಿಕೆ ಬರಬೇಕಿತ್ತು, ನಗು ಬಂತು, ಮೂರು ತಿಂಗಳು ಮೂಲೆಮಟ್ಟ ಇಟ್ಟು ಇಟ್ಟು ನೇರ ಮಾಡಿದ್ದನ್ನು ಈಗ ಎಲ್ಲರ ಎದುರು ವಾರೆ ಮಾಡಬೇಕು, ಆಗಲಿ, ಪೆಟ್ಟಿಗೆ ನೇರ ಇರಲಿ, ನಿಲ್ಲುವುದು ವಾರೆ ಇರಲಿ, ಎರಡೂ ಬೇರೆ ಬೇರೆ ಕೆಲಸ, ಇದನ್ನು ಸೋಮವಾರ ಎರ್ರಪ್ಪನಿಗೆ ಹೇಳಬೇಕು, ರಸಮಟ್ಟವನ್ನು ಸರಿತಾಳ ಕೈಗೆ ಕೊಟ್ಟಳು, ಅಜ್ಜಿ ಯಾವ ಕಡೆಗೆ, ತಳ ನಿನ್ನ ಎಡಗೈ ಕಡೆಗೆ, ಬಿಲ್ಲೆಯನ್ನು ಎಳೆದು ಬಿಟ್ಟು ತಳವನ್ನು ಬೆರಳಿನಿಂದ ತಳ್ಳಿದಳು, ಟಿಕ್ — ಟಕ್, ಇನ್ನೂ, ಟಿಕ್—ಟಕ್, ಇನ್ನೊಂಚೂರು, ಟಿಕ್ ಟಕ್, ಜಾಸ್ತಿ ಆಯ್ತು ಈ ಕಡೆ ತಾ, ಎಷ್ಟು ಅಜ್ಜಿ, ಕಡಲೆ ಕಾಳಷ್ಟು, ಹೂಂ, ಈಗ, ಇನ್ನು ರಾಗಿ ಕಾಳಷ್ಟು, ಮಾವ ಬಾಗಿಲಲ್ಲಿ ನಿಂತು, ಮುಂದೆ ಸಾಸಿವೆ ಕಾಳು ಕೇಳ್ತಾಳೆ ನೋಡು ಅಂದ, ಮುಚ್ಚೋ ಬಾಯಿ, ನಂಗೆ ಕೇಳಿಸ್ಬೇಕು ಅಂದಳು ಅಜ್ಜಿ, ಟಿಕ್ ಟಕ್ ಟಿಕ್ ಟಕ್, ಅವಳ ಹೆಬ್ಬೆರಳು ಗೆರೆಯಿಂದ ಗೆರೆಗೆ, ಗೆರೆಯಿಂದ ಗೆರೆಗೆ, ತಡೆಯಿಲ್ಲದೆ, ಚಾಲು, ಸಾಕು, ಅಲ್ಲಾಡಿಸ್ಬೇಡ, ಬಿಡು — ಮೌನಿಕಾ ಅಂಚಿಗೆ ಒಂದು ಸಣ್ಣ ಮೊಳೆ ಹೊಡೆದು ತಳವನ್ನು ಅಲ್ಲೇ ನಿಲ್ಲಿಸಿದಳು, ಕೆಳಗಿಳಿದು ನೋಡಿದಳು, ಅಯ್ಯಪ್ಪ, ಕಣ್ಣಿಗೆ ಚುಚ್ಚುವಷ್ಟು ವಾರೆ, ಎಷ್ಟು ಚೆನ್ನಾಗಿ ನಡೆಯುತ್ತಿದೆ.

ಫೋನು ನೋಡಿ ಮುಳ್ಳನ್ನು ಐದೂ ಮುಕ್ಕಾಲಿಗೆ ತಂದಳು, ನಿಲ್ಲಲಿಲ್ಲ, ಐದೂ ಐವತ್ತು, ನಿಲ್ಲಲಿಲ್ಲ, ಹೊರಗೆ ಬೆಳಕು ಕೆಂಪಾಗಿ ಆಮೇಲೆ ಬೂದಿಯಾಗುತ್ತಿದೆ, ಮಾವ ಚಪ್ಪಲಿ ಬಿಟ್ಟು ಒಳಗೆ ಬಂದು ಕೂತ, ಬೆಳುಗುಪ್ಪಕ್ಕೆ ಒಂದು ಲೋಡು ಇತ್ತು, ಬಿಡು, ನಾಳೆ ಹೋಯ್ತೀನಿ, ಇವತ್ತು ಮನೇಲೇ ಇರ್ತೀನಿ ಅಮ್ಮಾ, ನಿಂಗೆ ಧೈರ್ಯಕ್ಕೆ, ಅಜ್ಜಿ ಅವನ ಕಡೆ ಮುಖ ತಿರುಗಿಸಿದಳು, ನೀನು ಪಕ್ಕದಾಗೆ ಕುಂತಿದ್ರೆ ನಂಗೆ ಯಾವ ಧೈರ್ಯ ಬೇಕ್ಲಾ, ಮಟಮಟ ಮಧ್ಯಾಹ್ನ ಹೇಳಿದ್ರೂ ನೀನೆಲ್ಲಿ ತಪ್ಪಿಸ್ಕೊಂಡು ಹೋಗ್ತೀಯ, ಎದ್ದೇಳು, ಹೋಗು, ಅಮ್ಮಾ, ಹೋಗು ಅಂದೆ, ಫೋನು ಇಲ್ಲಿಟ್ಟು ಹೋಗು, ಮಾವ ಮೌನಿಕಾಳ ಮುಖ ನೋಡಿದ, ಅವಳು ಗಡಿಯಾರ ನೋಡಿದಳು, ಬಿಲ್ಲೆ ಹೋಗುತ್ತಿದೆ, ಬರುತ್ತಿದೆ, ತಲೆಯಾಡಿಸಿದಳು, ಹೋಗು ಮಾವ, ಅಷ್ಟು ಸಲೀಸಾಗಿ ಹೇಳಿಬಿಟ್ಟಳು, ತನ್ನ ಬಾಯಿಯಿಂದ ಬಂದ ಮೇಲೆ ಅದರ ಭಾರ ಗೊತ್ತಾಯಿತು, ಮಾವ ಫೋನನ್ನು ಅಮ್ಮನ ಮಡಿಲಲ್ಲಿ ಇಟ್ಟ, ಬತ್ತೀನಿ ಅಂದ, ಅಂಗಳದಲ್ಲಿ ಆಟೋ ಕೆಮ್ಮಿತು, ಓಣಿ ದಾಟಿತು, ತಿರುವಿನಲ್ಲಿ ಹಾರ್ನು, ಆಮೇಲೆ ಸದ್ದು ಸಣ್ಣಗೆ, ಇನ್ನೂ ಸಣ್ಣಗೆ, ಈಗ ದೊಡ್ಡ ರಸ್ತೆ ಹತ್ತಿರಬೇಕು, ಅತ್ತೆ ದೇವರ ಮುಂದೆ ದೀಪ ಹಚ್ಚಿ ಅಲ್ಲೇ ಕಂಬಕ್ಕೆ ಒರಗಿ ನಿಂತಳು, ಸರಿತಾ ಮಂಚದ ಹತ್ತಿರ ಹೋದಳು, ಹತ್ತಿರ ಹೋಗಿ ನಿಂತಳು, ನಾಲ್ಕು ತಿಂಗಳಿಂದ ಕೇಳದೇ ಇದ್ದದ್ದನ್ನು ಕೇಳಲೂ ಭಯ, ಕೇಳದೇ ಇರಲೂ ಆಗದು, ಅಜ್ಜೀ ಅಂದಳು, ಅಷ್ಟೇ, ಅಜ್ಜಿ ಅವಳ ತಲೆ ಹುಡುಕಿ ಕೈಯಿಟ್ಟಳು, ಹೊಡೀಲಿ, ತಾಳು ಅಂದಳು, ಗಡಿಯಾರದ ಒಳಗೆ ಏನೋ ಕಿರ್ರೆಂದು ಎದ್ದ ಹಾಗೆ, ಸುತ್ತಿಗೆ ಮೇಲೇಳುವ ಮೊದಲಿನ ಆ ಗಂಟಲು ಸರಿಮಾಡಿಕೊಳ್ಳುವ ಸದ್ದು, ಬೇವಿನ ಹಲಗೆಯೊಳಗೆ ಇದೇ ಮೊದಲು, ಅದು ಹೇಗೆ ಕೇಳಿಸುತ್ತದೋ ಮೌನಿಕಾಳಿಗೂ ಗೊತ್ತಿಲ್ಲ, ಢಣ್, ಬೇವು ದನಿಯನ್ನು ಕೊಂಚ ಇಳಿಸಿ ದಪ್ಪ ಮಾಡಿದೆ, ಅಜ್ಜಿಯ ಹೆಬ್ಬೆರಳು ಕಿರುಬೆರಳಿನ ಬುಡದ ಗೆರೆಗೆ ಹೋಯಿತು, ಢಣ್, ನಡುವಿನ ಗೆರೆ, ಢಣ್, ತುದಿ, ಎಲ್ಲೋ ದೊಡ್ಡ ರಸ್ತೆಯಲ್ಲಿ ಮಾವ, ಢಣ್, ಉಂಗುರ ಬೆರಳಿನ ಬುಡ, ಢಣ್, ನಡುವೆ, ಐದರಲ್ಲೇ ನಿಂತರೆ, ಢಣ್, ತುದಿ — ಆರು, ಮೌನಿಕಾ ಕೊಟ್ಟ ನಾಲಿಗೆ ಗೋಡೆಯ ಮೇಲಿದೆ, ನಡೆಯುತ್ತಿದೆ, ಬೆರಳ ಗೆರೆಯ ಮೇಲೆ ಹೆಬ್ಬೆರಳು ನಿಂತಿದೆ, ಏಳಕ್ಕೆ ಕಾಯುತ್ತಿದೆ, ಏಳು ಇಲ್ಲ, ಉಂಗುರ ಬೆರಳಿನ ತುದಿಯ ಮೇಲೆ ಹೆಬ್ಬೆರಳು, ಅಜ್ಜಿಯ ತುಟಿ ಬಿಚ್ಚಿದೆ, ಉಂಗುರ ಬೆರಳಿನ ತುದಿ, ಹೆಬ್ಬೆರಳು, ಅದರ ಉಗುರಿನ ಮೇಲೆ ದೀಪದ ಬೆಳಕು, ಹೆಬ್ಬೆರಳು ಗೆರೆ ಬಿಟ್ಟಿತು, ಒಂದಾನೊಂದು ಕಾಲದಲ್ಲಿ ಅಂದಳು ಅಜ್ಜಿ, ಹೂಂ ಅಂದಳು ಸರಿತಾ —